ಒಂದೇ ಫೋನು, ಮೂವತ್ತು ಮಕ್ಕಳು: ಪ್ರಾಥಮಿಕ ತರಗತಿಯಲ್ಲಿ ಉಚಿತ ಆನ್‌ಲೈನ್ ಸಾಧನಗಳನ್ನು ಬಳಸುವ ಬಗೆ

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆನ್‌ಲೈನ್ ಸಾಧನಗಳ ಮಾತೆತ್ತಿದ ಕೂಡಲೇ ಸಹೋದ್ಯೋಗಿಗಳಿಂದ ಬರುವ ಪ್ರಶ್ನೆ ಒಂದೇ: "ನಮ್ಮಲ್ಲಿ ಕಂಪ್ಯೂಟರ್ ಎಲ್ಲಿದೆ ಸರ್?" ಪ್ರಶ್ನೆ ನ್ಯಾಯವಾದದ್ದು. ಆದರೆ ಅದರ ಹಿಂದೆ, ಪ್ರತಿ ಮಗುವಿನ ಮುಂದೆಯೂ ಒಂದೊಂದು ಪರದೆ ಇದ್ದರೆ ಮಾತ್ರ ಈ ಸಾಧನಗಳು ಉಪಯೋಗಕ್ಕೆ ಬರುತ್ತವೆ ಎಂಬ ತಪ್ಪು ತಿಳಿವಳಿಕೆಯೂ ಇದೆ. ಶಿಕ್ಷಕರ ಕೈಯಲ್ಲಿರುವ ಒಂದು ಸ್ಮಾರ್ಟ್‌ಫೋನು, ಸಾಧ್ಯವಾದರೆ ಅದಕ್ಕೆ ಜೋಡಿಸಬಹುದಾದ ಒಂದು ಟಿವಿ ಅಥವಾ ಪ್ರೊಜೆಕ್ಟರ್, ಬಂದು ಹೋಗುವ ಕರೆಂಟು, ಇಷ್ಟನ್ನೇ ಲೆಕ್ಕಕ್ಕೆ ಹಿಡಿದು ಈ ಬರಹವನ್ನು ಬರೆದಿದ್ದೇನೆ. ಪ್ರಾಥಮಿಕ ಹಂತದಲ್ಲಿ ಒಂದೇ ಪರದೆಯ ಸುತ್ತ ಇಡೀ ತರಗತಿ ಮಾತನಾಡುವುದು, ಮೂವತ್ತು ಪರದೆಗಳ ಮುಂದೆ ಮೂವತ್ತು ಮಕ್ಕಳು ಮೌನವಾಗಿ ಕೂರುವುದಕ್ಕಿಂತ ಹೆಚ್ಚಿನ ಕಲಿಕೆಯನ್ನು ಕೊಡುತ್ತದೆ ಎಂಬುದು ನನ್ನ ಅನುಭವದ ಮಾತು.

ಮೊದಲು ತೊಡಕು, ಆಮೇಲೆ ಸಾಧನ

ಸಾಮಾನ್ಯವಾಗಿ ನಾವು ಮಾಡುವ ತಪ್ಪೆಂದರೆ, ತರಬೇತಿಯಲ್ಲಿಯೋ ವಾಟ್ಸಾಪ್ ಗುಂಪಿನಲ್ಲಿಯೋ ಒಂದು ಆಪ್ ಕಂಡಾಗ, ಇದನ್ನು ಯಾವ ಪಾಠಕ್ಕೆ ಹಚ್ಚಲಿ ಎಂದು ಹುಡುಕುವುದು. ದಾರಿ ತಿರುಗುಮುರುಗಾಗಬೇಕು. ಈ ವಾರ ತರಗತಿಯಲ್ಲಿ ಹೆಚ್ಚು ಮಕ್ಕಳು ಎಲ್ಲಿ ಎಡವುತ್ತಿದ್ದಾರೆ ಎಂಬುದನ್ನು ಅವರ ಸ್ಲೇಟು ಮತ್ತು ನೋಟ್‌ಬುಕ್‌ಗಳಿಂದ ಗುರುತಿಸಿ, ಆ ಒಂದು ತೊಡಕನ್ನು ಕಪ್ಪುಹಲಗೆಯ ಮೇಲೆ ತೋರಿಸುವುದು ನಿಜಕ್ಕೂ ಕಷ್ಟವಾಗಿದ್ದರೆ ಮಾತ್ರ ಸಾಧನದ ಕಡೆಗೆ ಕೈಚಾಚಬೇಕು. ಚಲನೆಯುಳ್ಳದ್ದು, ನಿಧಾನವಾಗಿ ಬದಲಾಗುವಂಥದ್ದು, ಕಣ್ಣಿಗೆ ಕಾಣದಷ್ಟು ದೊಡ್ಡದು ಅಥವಾ ಚಿಕ್ಕದು, ನಮ್ಮ ಊರಿನಲ್ಲಿ ಸಿಗದಂಥದ್ದು, ಇವುಗಳಿಗೆ ಪರದೆ ಬೇಕು. ಎಲೆಯ ಆಕಾರಗಳನ್ನು ಕಲಿಸಲು ಪರದೆ ಬೇಕಿಲ್ಲ. ಶಾಲೆಯ ಹಿಂದೆ ಗಿಡಗಳಿವೆ.

ಭಿನ್ನರಾಶಿಯ ಒಂದು ಅವಧಿ

ನಾಲ್ಕನೇ ತರಗತಿಯ ಮಕ್ಕಳನ್ನು 1/4 ದೊಡ್ಡದೋ 1/8 ದೊಡ್ಡದೋ ಎಂದು ಕೇಳಿದರೆ, ಬಹಳಷ್ಟು ಮಕ್ಕಳು ಎಂಟು ನಾಲ್ಕಕ್ಕಿಂತ ದೊಡ್ಡದು ಎಂಬ ಕಾರಣ ಕೊಟ್ಟು 1/8 ಎನ್ನುತ್ತಾರೆ. ಛೇದ ಹೆಚ್ಚಿದಂತೆ ಭಾಗ ಚಿಕ್ಕದಾಗುತ್ತಾ ಹೋಗುವುದನ್ನು ಕಪ್ಪುಹಲಗೆಯ ಮೇಲೆ ತೋರಿಸಲು ಮತ್ತೆ ಮತ್ತೆ ಅಳಿಸಿ ಬರೆಯಬೇಕಾಗುತ್ತದೆ. ಇಂಥಲ್ಲಿ ಫೆಟ್ (PhET) ಎಂಬ, ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಪ್ರಯೋಗಗಳ ಜಾಲತಾಣ ಉಪಯುಕ್ತವಾಗುತ್ತದೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಕಾರ್ಲ್ ವೈಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಪ್ರಯೋಗಗಳು ಸಂಪೂರ್ಣ ಉಚಿತ. ಜಾಹೀರಾತುಗಳಿಲ್ಲ, ಖಾತೆ ತೆರೆಯಬೇಕಿಲ್ಲ, ಹಲವು ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಒಂದು ಪ್ರಯೋಗವನ್ನು ಫೈಲ್ ಆಗಿ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಊರಿನಲ್ಲಿಯೂ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ನಮ್ಮಂಥವರಿಗೆ ಇದೇ ಅದರ ದೊಡ್ಡ ಗುಣ.

ಅದರಲ್ಲಿನ ಭಿನ್ನರಾಶಿಗಳ ಪರಿಚಯದ ಪ್ರಯೋಗವನ್ನು ಆಯ್ದುಕೊಳ್ಳಿ. ಆದರೆ ಅವಧಿಯನ್ನು ಅದರಿಂದಲೇ ಆರಂಭಿಸಬೇಡಿ. ಮೊದಲ ಹತ್ತು ನಿಮಿಷ ಪ್ರತಿ ಮಗುವಿಗೂ ಒಂದು ಹಳೆಯ ಕಾಗದದ ಪಟ್ಟಿ ಕೊಟ್ಟು, ಎರಡು, ನಾಲ್ಕು, ಎಂಟು ಸಮಭಾಗಗಳಾಗಿ ಮಡಿಸಲು ಹೇಳಿ. ಇದಕ್ಕೊಂದು ಕಾರಣವಿದೆ. ಪರದೆಯ ಮೇಲಿನ ರೊಟ್ಟಿಯನ್ನು ಕಂಪ್ಯೂಟರ್ ತಾನಾಗಿಯೇ ಸಮನಾಗಿ ಕತ್ತರಿಸಿ ಕೊಡುವುದರಿಂದ, ಭಾಗಗಳು ಸಮನಾಗಿರಲೇಬೇಕು ಎಂಬ ಭಿನ್ನರಾಶಿಯ ಮೂಲ ಷರತ್ತು ಮಗುವಿನ ಗಮನಕ್ಕೆ ಬರುವುದೇ ಇಲ್ಲ. ಕೈಯಲ್ಲಿ ಮಡಿಸುವಾಗ ಒಂದು ತುಂಡು ದೊಡ್ಡದಾಗಿ ಇನ್ನೊಂದು ಚಿಕ್ಕದಾದಾಗಲೇ "ಇದು ಕಾಲು ಭಾಗ ಅಲ್ಲ, ಮೋಸ" ಎಂಬ ಜಗಳ ಹುಟ್ಟುತ್ತದೆ. ಆ ಜಗಳ ನಮಗೆ ಬೇಕು.

ಆಮೇಲೆ ಪರದೆಗೆ ಬನ್ನಿ. ಅಂಶವನ್ನು 1 ಎಂದೂ ಛೇದವನ್ನು 4 ಎಂದೂ ಇಡಿ. "ಈಗ ನಾನು ಕೆಳಗಿನ ನಾಲ್ಕನ್ನು ಐದು ಮಾಡುತ್ತೇನೆ. ಬಣ್ಣದ ತುಂಡು ದೊಡ್ಡದಾಗುತ್ತದೋ, ಚಿಕ್ಕದಾಗುತ್ತದೋ, ಹಾಗೇ ಇರುತ್ತದೋ?" ಎಂದು ಕೇಳಿ, ಎಲ್ಲರೂ ಸ್ಲೇಟಿನ ಮೇಲೆ ಉತ್ತರ ಬರೆದು ಮೇಲೆತ್ತುವವರೆಗೆ ಗುಂಡಿ ಒತ್ತದೆ ಕಾಯಿರಿ. ಬೇರೆ ಬೇರೆ ಉತ್ತರ ಬರೆದ ಇಬ್ಬರಿಂದ ಕಾರಣ ಹೇಳಿಸಿ. ಅದಾದ ಮೇಲೆಯೇ ಒತ್ತಿ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕಾದ ಸಂಗತಿ ಇದೊಂದೇ: ಪರದೆ ಉತ್ತರ ಕೊಡುವ ಮೊದಲು ಮಗು ತನ್ನ ಊಹೆಗೆ ಕಟ್ಟುಬಿದ್ದಿರಬೇಕು. ಊಹಿಸದೆ ನೋಡಿದ ಮಗು ಬಣ್ಣವನ್ನು ನೋಡುತ್ತದೆ. ಊಹಿಸಿ ನೋಡಿದ ಮಗು ತನ್ನ ಊಹೆ ಏನಾಯಿತೆಂದು ನೋಡುತ್ತದೆ.

ಎಂಟರವರೆಗೆ ಹೋದ ಮೇಲೆ ಅಂಶವನ್ನು 2 ಮಾಡಿ, 2/8 ಮತ್ತು 1/4 ಒಂದೇ ಅಳತೆಯವು ಎಂಬುದನ್ನು ಮಕ್ಕಳೇ ಗುರುತಿಸಲು ಬಿಡಿ. ವೃತ್ತದಲ್ಲಿಯೇ ಉಳಿಯದೆ ಅದೇ ಪ್ರಯೋಗದ ಸಂಖ್ಯಾರೇಖೆಗೆ ಬದಲಿಸಿ ತೋರಿಸುವುದು ಅಗತ್ಯ. ಇಲ್ಲವಾದರೆ ಭಿನ್ನರಾಶಿ ಎಂದರೆ ರೊಟ್ಟಿಯ ತುಂಡು ಎಂದಷ್ಟೇ ಮಗು ಗ್ರಹಿಸಿ, ಮುಂದೆ 5/4 ಬಂದಾಗ "ಒಂದು ರೊಟ್ಟಿಯಲ್ಲಿ ಐದು ಕಾಲು ಹೇಗೆ ಇರುತ್ತದೆ?" ಎಂದು ಕಂಗಾಲಾಗುತ್ತದೆ. ಕೊನೆಯ ಹತ್ತು ನಿಮಿಷ ಪರದೆ ಆರಿಸಿ, ಇದೇ ಬಗೆಯ ನಾಲ್ಕು ಲೆಕ್ಕಗಳನ್ನು ನೋಟ್‌ಬುಕ್‌ನಲ್ಲಿ ಮಾಡಿಸಿ. ಗುಂಡಿ ಒತ್ತಲು ಮಕ್ಕಳನ್ನು ಕರೆಯುವಾಗ ಹಾಜರಿ ಪುಸ್ತಕದ ಕ್ರಮ ಹಿಡಿಯುವುದು ಒಳ್ಳೆಯದು. ಕೈ ಎತ್ತಿದವರನ್ನೇ ಕರೆದರೆ ಪ್ರತಿ ದಿನವೂ ಅದೇ ನಾಲ್ವರು ಮುಂದೆ ಬರುತ್ತಾರೆ.

ಓದಿಗೆ ಕಥೆಗಳು

ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಉಚಿತ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ದೊಡ್ಡ ಸಂಖ್ಯೆಯಲ್ಲಿವೆ. ಓದಿನ ಕಷ್ಟಕ್ಕೆ ತಕ್ಕಂತೆ ಅವನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ. ತರಗತಿಯ ಸಂಖ್ಯೆಗೂ ಈ ಹಂತದ ಸಂಖ್ಯೆಗೂ ಸಂಬಂಧವಿಲ್ಲವೆಂಬುದನ್ನು ನೆನಪಿಡಬೇಕು. ಐದನೇ ತರಗತಿಯಲ್ಲಿದ್ದೂ ಒತ್ತಕ್ಷರದಲ್ಲಿ ತಡವರಿಸುವ ಮಗುವಿಗೆ ಮೊದಲ ಹಂತದ ಕಥೆಯೇ ಸರಿ. ಅದನ್ನು ಕೊಡುವಾಗ ಹಂತದ ಸಂಖ್ಯೆಯಿರುವ ಪುಟವನ್ನು ತೋರಿಸದಿದ್ದರೆ ಮಗುವಿನ ಮಾನವೂ ಉಳಿಯುತ್ತದೆ.

ಬಳಸುವ ಬಗೆ ಹೀಗಿರಲಿ. ಕಥೆಯ ಪಿಡಿಎಫ್ ಅನ್ನು ಮನೆಯಲ್ಲಿಯೇ ಇಳಿಸಿಕೊಳ್ಳಿ. ಮೊದಲ ಸುತ್ತಿನಲ್ಲಿ ಪರದೆಯ ಮೇಲಿನ ಅಕ್ಷರಗಳ ಭಾಗವನ್ನು ರಟ್ಟಿನಿಂದ ಮರೆಮಾಡಿ, ಚಿತ್ರವನ್ನು ಮಾತ್ರ ತೋರಿಸಿ ಏನಾಗುತ್ತಿದೆ ಎಂದು ಕೇಳಿ. ಎರಡನೆಯ ಸುತ್ತಿನಲ್ಲಿ ನೀವೇ ಕೋಲು ಹಿಡಿದು ಪದ ತೋರಿಸುತ್ತಾ ಓದಿ. ಮೂರನೆಯ ಸುತ್ತಿನಲ್ಲಿ ಮಕ್ಕಳು ಸಾಲು ಸಾಲಾಗಿ ಓದಲಿ. ಸುತ್ತು ಮೂರಾದರೂ ಮಕ್ಕಳಿಗೆ ಬೇಸರವಾಗುವುದಿಲ್ಲ. ಕೇಳಿದ ಕಥೆಯನ್ನೇ ಮತ್ತೆ ಕೇಳಬೇಕೆನ್ನುವುದು ಆ ವಯಸ್ಸಿನ ಸ್ವಭಾವ.

ಇಲ್ಲಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುವುದರಿಂದ, ಲೇಖಕರ ಮತ್ತು ಚಿತ್ರಕಾರರ ಹೆಸರನ್ನು ಉಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಬಹುದು, ಭಾಷೆಯನ್ನು ಬದಲಿಸಿ ಹೊಸ ಆವೃತ್ತಿಯನ್ನೂ ಮಾಡಬಹುದು. ಈ ಅವಕಾಶವನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲವೆಂದು ನನಗೆ ಅನಿಸುತ್ತದೆ. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಆಡುವ ಮಗು ಒಂದನೇ ತರಗತಿಗೆ ಬಂದಾಗ ಪುಸ್ತಕದ ಕನ್ನಡವೂ ಅದಕ್ಕೆ ಕಲಿಯಬೇಕಾದ ಹೊಸ ಭಾಷೆಯೇ. ಅದೇ ಚಿತ್ರಗಳಿಗೆ ಆ ಮಗುವಿನ ಅಜ್ಜಿಯಿಂದಲೋ ಅಕ್ಕನಿಂದಲೋ ಮನೆಮಾತಿನ ವಾಕ್ಯಗಳನ್ನು ಹೇಳಿಸಿ, ಕನ್ನಡ ಲಿಪಿಯಲ್ಲಿ ಬರೆದು, ಎರಡು ಆವೃತ್ತಿಗಳನ್ನೂ ಅಕ್ಕಪಕ್ಕ ಇಟ್ಟು ಓದಿಸಬಹುದು.

ನಲಿ-ಕಲಿ ತರಗತಿಯಲ್ಲಿ ಪರದೆಯ ಜಾಗ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ತಟ್ಟೆಗಳಲ್ಲಿ, ಅಂದರೆ ಸಣ್ಣ ಗುಂಪುಗಳಲ್ಲಿ ಕುಳಿತು, ಕಲಿಕೆಯ ಹಂತಗಳನ್ನು ತೋರಿಸುವ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಇಡೀ ತರಗತಿಗೆ ಒಮ್ಮೆಲೇ ಪರದೆ ತೋರಿಸಿದರೆ ಆ ವ್ಯವಸ್ಥೆಯೇ ಕೆಡುತ್ತದೆ. ಆದ್ದರಿಂದ ಒಂದರಿಂದ ಮೂರನೇ ತರಗತಿಯವರೆಗೆ ಫೋನನ್ನು ಮತ್ತೊಂದು ಕಲಿಕಾ ಕಾರ್ಡಿನಂತೆ ಪರಿಗಣಿಸಿ, ಸಹಪಾಠಿಗಳ ನೆರವಿನಿಂದ ಕಲಿಯುವ ತಟ್ಟೆಗೆ ಹತ್ತು ನಿಮಿಷದ ಮಟ್ಟಿಗೆ ಕೊಡುವುದು ಸೂಕ್ತ. ಆಗ ಫೋನಿನಲ್ಲಿ ಏರೋಪ್ಲೇನ್ ಮೋಡ್ ಹಾಕಿರಬೇಕು. ಮುಖ್ಯೋಪಾಧ್ಯಾಯರ ಕರೆ ಬಂದು ಆಟ ನಿಂತರೆ ತಟ್ಟೆಯ ಐದೂ ಮಕ್ಕಳು ಎದ್ದು ನಿಮ್ಮ ಬಳಿಗೆ ಓಡಿ ಬರುತ್ತಾರೆ.

ಇಂಥ ಬಳಕೆಗೆ ಅಕ್ಷರ ಫೌಂಡೇಷನ್ ರೂಪಿಸಿರುವ ಬಿಲ್ಡಿಂಗ್ ಬ್ಲಾಕ್ಸ್ ಎಂಬ ಗಣಿತದ ಆಪ್ ಹೊಂದುತ್ತದೆ. ಅದು ಉಚಿತ, ಕನ್ನಡದಲ್ಲಿದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಶಾಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಜಿಕಾಂಪ್ರಿ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಸಿಕೊಳ್ಳಬಹುದು; 2ರಿಂದ 10 ವರ್ಷದ ಮಕ್ಕಳಿಗಾಗಿ ನೂರಕ್ಕೂ ಹೆಚ್ಚು ಚಟುವಟಿಕೆಗಳು ಅದರಲ್ಲಿದ್ದು, ಗಡಿಯಾರ ನೋಡುವುದು, ತಕ್ಕಡಿ ತೂಗುವುದು, ಹಣದ ಲೆಕ್ಕ ಇವು ನಮ್ಮ ಪಠ್ಯಕ್ಕೆ ನೇರವಾಗಿ ಕೂಡಿಕೊಳ್ಳುತ್ತವೆ.

ಆದರೆ ಆಟಗಳ ಬಗ್ಗೆ ಒಂದು ಎಚ್ಚರಿಕೆ. ಸಮಯದ ಗಡುವು ಇಟ್ಟು, ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುವ ಆಟಗಳನ್ನು ಹೊಸ ಪರಿಕಲ್ಪನೆ ಕಲಿಸುವಾಗ ಬಳಸಬಾರದು. ಕಲಿತದ್ದನ್ನು ರೂಢಿ ಮಾಡಿಸಲು, ಉದಾಹರಣೆಗೆ ಮಗ್ಗಿಗೆ, ಅವು ಸಾಕು. ಒಮ್ಮೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಸಂಕಲನದ ಆಟದಲ್ಲಿ ಸತತವಾಗಿ ಗೆಲ್ಲುತ್ತಿದ್ದ. ಹತ್ತಿರ ಹೋಗಿ ನೋಡಿದರೆ, ಸರಿಯುತ್ತರ ಸಿಗುವವರೆಗೆ ನಾಲ್ಕೂ ಗುಂಡಿಗಳನ್ನು ವೇಗವಾಗಿ ಒತ್ತುತ್ತಿದ್ದ. ತಪ್ಪಿಗೆ ಆ ಆಟದಲ್ಲಿ ದಂಡವೇ ಇರಲಿಲ್ಲ. ಅವನ ಜಾಣತನವನ್ನು ಮೆಚ್ಚಿದೆ, ಆಟವನ್ನು ಅಳಿಸಿದೆ. ಯಾವುದೇ ಆಟವನ್ನು ಆಯ್ದುಕೊಳ್ಳುವ ಮೊದಲು ನೀವೇ ಬೇಕೆಂದು ತಪ್ಪು ಉತ್ತರ ಒತ್ತಿ ನೋಡಿ. ಏಕೆ ತಪ್ಪಾಯಿತೆಂದು ಆಟ ತೋರಿಸುತ್ತದೆಯೋ, ಬರೀ ಕೆಂಪು ಗುರುತು ಹಾಕಿ ಮುಂದೆ ಹೋಗುತ್ತದೆಯೋ ಎಂಬುದರಲ್ಲಿಯೇ ಅದರ ಯೋಗ್ಯತೆ ತಿಳಿಯುತ್ತದೆ.

ಕಾಗದದ ಕಾರ್ಡಿನಿಂದ ರಸಪ್ರಶ್ನೆ

ಮಕ್ಕಳ ಕೈಯಲ್ಲಿ ಯಾವ ಉಪಕರಣವೂ ಇಲ್ಲದೆ ಇಡೀ ತರಗತಿಯ ಉತ್ತರವನ್ನು ಒಂದೇ ಗಳಿಗೆಯಲ್ಲಿ ತಿಳಿಯಲು ಪ್ಲಿಕರ್ಸ್ ಎಂಬ ಸಾಧನವಿದೆ. ಪ್ರತಿ ಮಗುವಿಗೂ ಕ್ಯೂಆರ್ ಕೋಡಿನಂತೆ ಕಾಣುವ ಒಂದು ಮುದ್ರಿತ ಕಾರ್ಡನ್ನು ಕೊಡಲಾಗುತ್ತದೆ. ಕಾರ್ಡಿನ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಬರೆದಿರುತ್ತದೆ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡನ್ನು ಎತ್ತಿ ಹಿಡಿಯುತ್ತದೆ. ಶಿಕ್ಷಕರು ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಆಡಿಸಿದರೆ ಯಾರು ಏನು ಉತ್ತರಿಸಿದರೆಂಬುದು ಪರದೆಯ ಮೇಲೆ ಮೂಡುತ್ತದೆ. ಒಬ್ಬರ ಕಾರ್ಡಿನ ವಿನ್ಯಾಸ ಇನ್ನೊಬ್ಬರದ್ದರಂತೆ ಇರದ ಕಾರಣ ಪಕ್ಕದವರದ್ದನ್ನು ನೋಡಿ ನಕಲು ಮಾಡುವುದು ಸುಲಭವಲ್ಲ. ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕೂರುವ ಮಗುವಿನ ಉತ್ತರವೂ ಹೀಗೆ ನಮಗೆ ದೊರೆಯುತ್ತದೆ.

ಕಾರ್ಡುಗಳನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ, ಆದರೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ಕ್ಯಾಮೆರಾ ಓದುವುದಿಲ್ಲ. ಕಪ್ಪು ಭಾಗವನ್ನು ಬೆರಳು ಮುಚ್ಚದಂತೆ ಅಂಚಿನಲ್ಲಿ ಹಿಡಿಯಲು ಒಮ್ಮೆ ಅಭ್ಯಾಸ ಮಾಡಿಸಿ. ಪ್ರಶ್ನೆ ರಚಿಸುವಲ್ಲಿ ಮಾತ್ರ ಹೆಚ್ಚಿನ ಶ್ರಮ ಹಾಕಬೇಕು. 42ರಲ್ಲಿ 17 ಕಳೆ ಎಂಬ ಲೆಕ್ಕಕ್ಕೆ ಆಯ್ಕೆಗಳನ್ನು ಬಾಯಿಗೆ ಬಂದಂತೆ ಕೊಡದೆ, 25, 35, 59 ಎಂದು ಕೊಡಿ. 35 ಎಂದ ಮಗು ದಶಕ ತೆಗೆದುಕೊಳ್ಳದೆ ಏಳರಲ್ಲಿ ಎರಡನ್ನು ಕಳೆದಿದೆ. 59 ಎಂದ ಮಗು ಕೂಡಿಸಿದೆ. ಇಬ್ಬರಿಗೂ ಬೇಕಾದ ನೆರವು ಬೇರೆ ಬೇರೆ ಎಂಬುದು ಉತ್ತರ ಕಂಡ ಕೂಡಲೇ ಗೊತ್ತಾಗುತ್ತದೆ. ನಾಲ್ಕನೆಯ ಆಯ್ಕೆಯಾಗಿ "ನನಗೆ ಗೊತ್ತಿಲ್ಲ" ಎಂದಿಡುವುದು ನನ್ನ ಪದ್ಧತಿ. ಅದನ್ನು ಎತ್ತಿದ ಮಗುವನ್ನು ಎಂದೂ ಗದರಬಾರದು.

ಸಿದ್ಧತೆ ಮತ್ತು ಎಚ್ಚರ

ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ ಮತ್ತು ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಅವನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಯಾವ ವಿಡಿಯೊವನ್ನೇ ಆಗಲಿ ಕೊನೆಯವರೆಗೆ ನೀವು ನೋಡಿದ ಮೇಲೆಯೇ ಮಕ್ಕಳಿಗೆ ತೋರಿಸಿ. ಉಚಿತ ಎಂದು ಹೇಳಿಕೊಳ್ಳುವ ಆಟದ ತಾಣಗಳಲ್ಲಿ ಜಾಹೀರಾತು ಯಾವಾಗ ಯಾವ ರೂಪದಲ್ಲಿ ಮೂಡುತ್ತದೆಂದು ಹೇಳಲಾಗದು. ಹಾಗಾಗಿ ಜಾಹೀರಾತಿಲ್ಲದ, ಇಳಿಸಿಕೊಳ್ಳಬಹುದಾದ ಸಾಧನಕ್ಕೇ ಮೊದಲ ಆದ್ಯತೆ ಇರಲಿ. ಕರೆಂಟು ಹೋದರೆ ಅದೇ ಪಾಠವನ್ನು ಸೀಮೆಸುಣ್ಣದಿಂದ ಮುಂದುವರಿಸುವ ದಾರಿಯನ್ನು ಪಾಠ ಯೋಜನೆಯಲ್ಲಿಯೇ ಬರೆದಿಟ್ಟುಕೊಳ್ಳಿ.

ಮಕ್ಕಳ ಹೆಸರು, ಫೋಟೊ, ಜನ್ಮದಿನಾಂಕ ಕೇಳುವ ತಾಣಗಳಲ್ಲಿ ಮಕ್ಕಳ ಖಾತೆ ತೆರೆಯಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪ್ಲಿಕರ್ಸ್‌ನಂಥ ಕಡೆ ಹೆಸರಿನ ಬದಲು ಹಾಜರಿ ಸಂಖ್ಯೆಯನ್ನಷ್ಟೇ ನಮೂದಿಸಿದರೆ ಕೆಲಸ ನಡೆಯುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಯಾವ ಸಾಧನವನ್ನು ಏಕೆ ಬಳಸುತ್ತಿದ್ದೀರಿ ಎಂದು ಪೋಷಕರಿಗೆ ಒಮ್ಮೆ ತೋರಿಸಿಬಿಡಿ. ಶಾಲೆಯಲ್ಲಿಯೂ ಮೊಬೈಲ್ ಆಟ ಆಡಿಸುತ್ತಾರೆ ಎಂಬ ದೂರು ಆಮೇಲೆ ಬರುವುದಿಲ್ಲ.

ಯಾವ ಸಾಧನವನ್ನು ಬಳಸಿದರೂ ಒಂದು ವಾರ ಬಿಟ್ಟು, ಪರದೆಯಿಲ್ಲದೆ, ಅದೇ ಪ್ರಶ್ನೆಯನ್ನು ಸ್ಲೇಟಿನ ಮೇಲೆ ಕೊಡಿ. 1/4 ದೊಡ್ಡದೋ 1/8 ದೊಡ್ಡದೋ ಎಂಬುದಕ್ಕೆ ಉತ್ತರದ ಜೊತೆಗೆ ಕಾರಣವನ್ನೂ ಮಗು ಹೇಳಿದರೆ, ಆ ಸಾಧನದ ಹೆಸರನ್ನು ನಿಮ್ಮ ಡೈರಿಯಲ್ಲಿ ಮುಂದಿನ ವರ್ಷಕ್ಕೆಂದು ಬರೆದಿಡಿ. ಹೇಳದಿದ್ದರೆ ಮರುದಿನ ಮತ್ತೆ ಕಾಗದದ ಪಟ್ಟಿಯಿಂದ ಶುರುಮಾಡಿ.