ಮನೆಯಲ್ಲಿ ಕಟ್ಟಿದ ಸ್ಪೋರ್ಟ್ಸ್ ಕಾರಿನ ಹಿಂದಿನ ಡಿಫರೆನ್ಶಿಯಲ್: ಗುರುತಿಸುವುದು ಮತ್ತು ಮೇಲ್ದರ್ಜೆಗೆ ಏರಿಸುವುದು

ಮನೆಯಲ್ಲಿ ಕಟ್ಟಿದ ಸ್ಪೋರ್ಟ್ಸ್ ಕಾರಿನಲ್ಲಿರುವ ಹಿಂದಿನ ಡಿಫರೆನ್ಶಿಯಲ್ (ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಬಹುಮಟ್ಟಿಗೆ ಬೇರೊಂದು ಕಾರಿಗಾಗಿ ತಯಾರಾದದ್ದು. ಲೋಟಸ್ ಸೆವೆನ್ ಮಾದರಿಯ ಹಗುರ ಕಾರುಗಳಲ್ಲಿ ಫೋರ್ಡ್ ಎಸ್ಕಾರ್ಟ್‌ನ ಇಡೀ ಆಕ್ಸಲ್, ಫೋರ್ಡ್ ಸಿಯೆರಾದ ಡಿಫರೆನ್ಶಿಯಲ್ ಅಥವಾ ಮಾಜ್ದಾ ಎಂಎಕ್ಸ್-5ರ ಭಾಗಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಕೋಬ್ರಾದ ಪ್ರತಿರೂಪಗಳಲ್ಲಿ ಜಾಗ್ವಾರ್‌ನ ಹಿಂಭಾಗವನ್ನು ಹಾಗೆಯೇ ಎತ್ತಿ ಕೂರಿಸಿದ ಉದಾಹರಣೆಗಳು ಹಲವು. ಕಾರು ಎರಡು ಮೂರು ಕೈ ಬದಲಾಗಿದ್ದರೆ ಕವಚದೊಳಗೆ ಏನಿದೆ ಎಂಬುದು ಅದನ್ನು ಕಟ್ಟಿದವರಿಗಷ್ಟೇ ಗೊತ್ತು, ಕೆಲವೊಮ್ಮೆ ಅವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಯಾವ ಭಾಗವನ್ನೂ ಕೊಳ್ಳುವ ಮೊದಲು ಇರುವುದನ್ನು ಖಚಿತವಾಗಿ ಗುರುತಿಸಿಕೊಳ್ಳಬೇಕು.

ಮೊದಲು ನೋಡಬೇಕಾದದ್ದು ಕವಚದ ಆಕಾರ. ಎಸ್ಕಾರ್ಟ್‌ನ ‘ಇಂಗ್ಲಿಷ್’ ಆಕ್ಸಲ್‌ನಲ್ಲಿ ಹಿಂಬದಿಗೆ ಬಿಚ್ಚುವ ಮುಚ್ಚಳವಿಲ್ಲ. ಗೇರುಗಳನ್ನು ಹೊತ್ತ ಭಾಗವು ಬೋಲ್ಟುಗಳನ್ನು ಬಿಚ್ಚಿದರೆ ಮುಂಬದಿಯಿಂದ ಹೊರಬರುತ್ತದೆ. ಅದಕ್ಕಿಂತ ಬಲವಾದ ‘ಅಟ್ಲಾಸ್’ ಆಕ್ಸಲ್‌ಗೆ ಹಿಂದೆ ಬೋಲ್ಟು ಹಾಕಿದ ಮುಚ್ಚಳವಿರುತ್ತದೆ. ಸಿಯೆರಾದಲ್ಲಿ 7 ಅಂಗುಲ ಮತ್ತು 7.5 ಅಂಗುಲದ ಕ್ರೌನ್ ವೀಲ್ (ಒಳಗಿನ ದೊಡ್ಡ ಹಲ್ಲುಚಕ್ರ) ಇರುವ ಎರಡು ಗಾತ್ರಗಳಿವೆ. ಮೊದಲ ತಲೆಮಾರಿನ ಎಂಎಕ್ಸ್-5ರಲ್ಲಿ ಆರಂಭದ 1.6 ಲೀಟರ್ ಕಾರಿಗೆ 6 ಅಂಗುಲದ, 4.3 ಅನುಪಾತದ (ಕ್ರೌನ್ ವೀಲ್ ಒಂದು ಸುತ್ತು ಬರಲು ಶಾಫ್ಟ್ ತಿರುಗಬೇಕಾದ ಸುತ್ತುಗಳು) ಡಿಫರೆನ್ಶಿಯಲ್ ಇತ್ತು, 1.8 ಲೀಟರ್ ಎಂಜಿನ್ ಬಂದಾಗ ಅದು 7 ಅಂಗುಲಕ್ಕೆ ಏರಿತು. ಜಾಗ್ವಾರ್‌ನ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ಲೋಹದ ಚೀಟಿಯಲ್ಲಿ ಹಲ್ಲುಗಳ ಸಂಖ್ಯೆ ಸಿಗುತ್ತದೆ: 43/14 ಎಂದಿದ್ದರೆ 3.07, 46/13 ಎಂದಿದ್ದರೆ 3.54. ಬಿಎಂಡಬ್ಲ್ಯು ಚೀಟಿಯಲ್ಲಿ ಅನುಪಾತದ ಮುಂದೆ ‘ಎಸ್’ ಅಕ್ಷರವಿದ್ದರೆ ಅದು ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ (ಒಂದು ಚಕ್ರ ಜಾರಿದಾಗ ಅದೊಂದೇ ಸುಮ್ಮನೆ ತಿರುಗದಂತೆ ತಡೆಯುವಂಥದ್ದು) ಎಂದರ್ಥ. ಆದರೆ ಒಳಗಿನ ಗೇರುಗಳನ್ನು ಬದಲಿಸಿದವರು ಚೀಟಿಯನ್ನೂ ಬದಲಿಸಿರುತ್ತಾರೆ ಎಂಬ ಭರವಸೆಯಿಲ್ಲ. ಅಳೆದು ನೋಡುವುದೇ ಸರಿಯಾದ ದಾರಿ.

ಅಳೆಯಲು ಮುಂದಿನ ಚಕ್ರಗಳ ಎರಡೂ ಬದಿಗೆ ಅಡ್ಡಗಟ್ಟೆಗಳನ್ನು ಬಿಗಿಯಾಗಿ ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜ್ಯಾಕನ್ನು ನಂಬಿ ಕಾರಿನ ಕೆಳಗೆ ಹೋಗಬಾರದು. ಪ್ರೊಪೆಲ್ಲರ್ ಶಾಫ್ಟಿನ (ಗೇರ್ ಬಾಕ್ಸಿನಿಂದ ಡಿಫರೆನ್ಶಿಯಲ್‌ಗೆ ಬರುವ ದಂಡ) ಮೇಲೆ ಮತ್ತು ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸುತ್ತಾ ಶಾಫ್ಟಿನ ಸುತ್ತುಗಳನ್ನು ಎಣಿಸಬೇಕು. ಸಾಮಾನ್ಯ ಡಿಫರೆನ್ಶಿಯಲ್‌ನಲ್ಲಿ ಒಂದು ಚಕ್ರ ನಿಂತಿದ್ದು ಇನ್ನೊಂದು ಎರಡು ಸುತ್ತು ಬಂದರೆ ಕ್ರೌನ್ ವೀಲ್ ಒಂದೇ ಸುತ್ತು ಬರುವುದರಿಂದ, ಶಾಫ್ಟಿನ ಸುತ್ತುಗಳನ್ನು 10ರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. 39 ಸುತ್ತು ದಾಟಿದ ಸ್ವಲ್ಪದರಲ್ಲೇ ನಿಂತರೆ ಅದು 3.92, ಅಂದರೆ 47 ಹಲ್ಲಿನ ಕ್ರೌನ್ ವೀಲ್‌ಗೆ 12 ಹಲ್ಲಿನ ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರು). 36 ದಾಟಿ ನಿಂತರೆ 3.62. ಎರಡೇ ಸುತ್ತು ತಿರುಗಿಸಿ ಅಂದಾಜು ಮಾಡಿದರೆ ಈ ಹತ್ತಿರದ ಅಂಕಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಎತ್ತಿದ ಚಕ್ರ ತಿರುಗಲು ಒಪ್ಪದಿದ್ದರೆ ಒಳಗೆ ಪ್ಲೇಟ್ ಮಾದರಿಯ (ಒತ್ತಿಕೊಂಡ ಪ್ಲೇಟುಗಳ ಘರ್ಷಣೆಯಿಂದ ಹಿಡಿಯುವ) ಲಿಮಿಟೆಡ್ ಸ್ಲಿಪ್ ಇರಬಹುದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬಹುದು. ಎರಡನೆಯದನ್ನು ಮೊದಲು ಪರೀಕ್ಷಿಸುವುದು ಒಳ್ಳೆಯದು. ಆಗ ಎರಡೂ ಚಕ್ರಗಳನ್ನು ಎತ್ತಿ, ಜೊತೆಯಾಗಿ 10 ಸುತ್ತು ತಿರುಗಿಸಿ ಎಣಿಸಬೇಕು. ವಿಸ್ಕಸ್ ಮಾದರಿಯದು (ದಪ್ಪ ದ್ರವದಿಂದ ಹಿಡಿಯುವಂಥದ್ದು) ನಿಧಾನವಾಗಿ ತಿರುಗಿಸಿದರೆ ತಿರುಗುತ್ತದೆ, ಬೇಗ ತಿರುಗಿಸಲು ಹೋದರೆ ಗಟ್ಟಿಯಾಗಿ ಎಳೆಯುತ್ತದೆ; ಒಳಗಿನ ದ್ರವ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಸಾಮಾನ್ಯ ಡಿಫರೆನ್ಶಿಯಲ್‌ಗೂ ಅದಕ್ಕೂ ಕೈಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಟಾರ್ಸೆನ್‌ನಂಥ ಗೇರ್ ಮಾದರಿಯೂ ಈ ಪರೀಕ್ಷೆಯಲ್ಲಿ ಸುಲಭವಾಗಿ ದಾರಿ ತಪ್ಪಿಸುವುದರಿಂದ, ಸಂದೇಹವಿದ್ದರೆ ಮುಚ್ಚಳ ತೆಗೆದು ಕಣ್ಣಾರೆ ನೋಡಬೇಕು.

ಮೇಲ್ದರ್ಜೆ ಎಂದೊಡನೆ ದೊಡ್ಡ ಡಿಫರೆನ್ಶಿಯಲ್ ಹಾಕುವ ಆಸೆ ಹುಟ್ಟುತ್ತದೆ. ಹಗುರ ಕಾರಿಗೆ ಅದು ಬಹುತೇಕ ಅನಗತ್ಯ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಟೈರು ಜಾರಿದ ಮೇಲೆ ಡಿಫರೆನ್ಶಿಯಲ್‌ನ ಮೇಲೆ ಸ್ಥಿರವಾದ ಹೊರೆ ಏರಲಾರದು. ವೇಗ ಪಡೆಯುವಾಗ ಹಿಂದಿನ ಚಕ್ರಗಳ ಮೇಲೆ 400 ಕಿಲೋ ಭಾರ ಬೀಳುವ ಕಾರಿನಲ್ಲಿ, ಘರ್ಷಣೆಯ ಗುಣಾಂಕವನ್ನು 1 ಎಂದೂ ಚಕ್ರದ ತ್ರಿಜ್ಯವನ್ನು 0.28 ಮೀಟರ್ ಎಂದೂ ಹಿಡಿದರೆ, ಚಕ್ರಗಳು ತಡೆದುಕೊಳ್ಳುವ ಒಟ್ಟು ಟಾರ್ಕ್ ಸುಮಾರು 1,100 ನ್ಯೂಟನ್ ಮೀಟರ್. ಅದೇ ಡಿಫರೆನ್ಶಿಯಲ್ ಹಿಂದೆ 650 ಕಿಲೋ ಹೊರುವ ಸೆಡಾನ್‌ನಲ್ಲಿದ್ದಾಗ ಸುಮಾರು 1,800ರವರೆಗೆ ಸಹಿಸಬೇಕಿತ್ತು. ಎಂಜಿನ್ನಿನ ಶಕ್ತಿ ದುಪ್ಪಟ್ಟಾದರೂ ಈ ಮಿತಿ ಬದಲಾಗುವುದಿಲ್ಲ. ಅಂಟುವಂಥ ರೇಸ್ ಟೈರು ಹಾಕಿ, ಕ್ಲಚ್ಚನ್ನು ಹಠಾತ್ತನೆ ಬಿಟ್ಟು ಹೊರಡುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸದು, ಅಂಥ ಹೊಡೆತದ ಹೊರೆ ಕ್ಷಣಮಾತ್ರ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಉಳಿದವರ ಹಣ ಅನುಪಾತಕ್ಕೂ ಲಿಮಿಟೆಡ್ ಸ್ಲಿಪ್‌ಗೂ ಹೋಗುವುದು ಲೇಸು.

ಅನುಪಾತವನ್ನು ಲೆಕ್ಕದಿಂದಲೇ ಆರಿಸಬೇಕು. 195/50 ಆರ್15 ಟೈರಿನ ಸುತ್ತಳತೆ ಸುಮಾರು 1.81 ಮೀಟರ್. ಗೇರ್ ಬಾಕ್ಸಿನ ನೇರ ಗೇರಿನಲ್ಲಿ (ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವ ಗೇರು) ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ 3.92ರಲ್ಲಿ ಗಂಟೆಗೆ 166 ಕಿಲೋಮೀಟರ್, 3.62ರಲ್ಲಿ 180, 3.14ರಲ್ಲಿ 207 ಕಿಲೋಮೀಟರ್ ವೇಗ ಬರುತ್ತದೆ. ಭಾರಕ್ಕೆ ಟೈರು ತುಸು ಕುಗ್ಗುವುದರಿಂದ ನಿಜವಾದ ಅಂಕಿ ಸ್ವಲ್ಪ ಕಡಿಮೆ. ಮುಂಭಾಗದಲ್ಲಿ ಗಾಳಿಗೆ ಎದೆಯೊಡ್ಡಿ ನಿಲ್ಲುವ ಸೆವೆನ್ ಮಾದರಿಯ ಕಾರಿಗೆ 200ರ ಮೇಲಿನ ಅಂಕಿ ಕಾಗದದ ಮೇಲಷ್ಟೇ ಚೆಂದ. ಅದಕ್ಕೆ 3.62 ಅಥವಾ 3.92 ಒಪ್ಪುತ್ತದೆ. ದೊಡ್ಡ ವಿ8 ಎಂಜಿನ್ನಿನ ಕಾರಿಗೆ 3.07ರಂಥ ಎತ್ತರದ ಗೇರೇ ಸರಿ, ಇಲ್ಲವಾದರೆ ಮೊದಲ ಗೇರು ಹಾಕುವುದರೊಳಗೆ ಮುಗಿದುಹೋಗುತ್ತದೆ.

ಲಿಮಿಟೆಡ್ ಸ್ಲಿಪ್‌ನಲ್ಲಿ ರಸ್ತೆಯ ಬಳಕೆಗೆ ಟಾರ್ಸೆನ್, ಕ್ವೈಫ್ ಮುಂತಾದ ಗೇರ್ ಮಾದರಿಗಳು ಶಾಂತವಾಗಿ ಕೆಲಸ ಮಾಡುತ್ತವೆ, ಸವೆಯುವ ಪ್ಲೇಟುಗಳ ಕಾಟವಿಲ್ಲ. ಅವುಗಳ ಕೊರತೆಯೆಂದರೆ, ಕಡಿಮೆ ಹಿಡಿತವಿರುವ ಚಕ್ರ ಹೊರುವ ಟಾರ್ಕಿನ ಇಂತಿಷ್ಟು ಪಟ್ಟನ್ನು ಮಾತ್ರ ಇನ್ನೊಂದಕ್ಕೆ ಕಳುಹಿಸಬಲ್ಲವು. ಆ ಪಟ್ಟು 3 ಎಂದಿದ್ದು ಒಳಚಕ್ರ 50 ನ್ಯೂಟನ್ ಮೀಟರ್ ಹೊತ್ತರೆ ಹೊರಚಕ್ರಕ್ಕೆ 150 ಹೋಗುತ್ತದೆ. ಒಳಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಹಾಗಾಗಿ ತಿರುವಿನಲ್ಲಿ ಹಿಂದಿನ ಚಕ್ರ ಎತ್ತುವ ಕಾರಿಗೆ ಪ್ಲೇಟ್ ಮಾದರಿ ಬೇಕಾಗುತ್ತದೆ. ಪ್ಲೇಟುಗಳ ಆರಂಭಿಕ ಬಿಗಿತವನ್ನು ಹಗುರ ಕಾರಿಗೆ ಕಡಿಮೆಯೇ ಇಡಿಸಬೇಕು. ಹೆಚ್ಚಾದರೆ ಕಾರು ತಿರುವಿಗೆ ಮೂಗು ಹಾಕಲು ಒಪ್ಪದೆ ನೇರ ತಳ್ಳುತ್ತದೆ.

ಡಿಫರೆನ್ಶಿಯಲ್ ಬದಲಿಸಿದರೆ ಅದರೊಂದಿಗೆ ಸುತ್ತಲಿನ ಭಾಗಗಳೂ ಬದಲಾಗುತ್ತವೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಂಎಕ್ಸ್-5ರ 6 ಅಂಗುಲದ ಜಾಗಕ್ಕೆ 7 ಅಂಗುಲದ್ದನ್ನು ತರುವವರು 1.8ರ ಡ್ರೈವ್ ಶಾಫ್ಟುಗಳನ್ನೂ ಪ್ರೊಪೆಲ್ಲರ್ ಶಾಫ್ಟನ್ನೂ ಜೊತೆಯಲ್ಲೇ ಕೊಳ್ಳುವುದು ಉಳಿತಾಯ. ಬೇರೆ ಕಾರುಗಳಲ್ಲಿ ಫ್ಲ್ಯಾಂಜಿನ (ಶಾಫ್ಟ್ ಜೋಡಿಸುವ ಚಪ್ಪಟೆ ತಟ್ಟೆ) ಬೋಲ್ಟು ರಂಧ್ರಗಳು, ಸ್ಪ್ಲೈನ್‌ಗಳ (ಶಾಫ್ಟ್ ತುದಿಯ ಉದ್ದ ಗೀರುಗಳು) ಸಂಖ್ಯೆ ಮತ್ತು ಪಿನಿಯನ್ ಮೂತಿಯ ಉದ್ದ, ಈ ಮೂರನ್ನು ಹಳೆಯದರೊಂದಿಗೆ ಹೋಲಿಸಿ ನೋಡಬೇಕು.

ಇಡೀ ಡಿಫರೆನ್ಶಿಯಲ್ ಬದಲಿಸುವುದು ಮನೆಯ ಕೆಲಸ. ಕ್ರೌನ್ ವೀಲ್ ಮತ್ತು ಪಿನಿಯನ್ ಮಾತ್ರ ಬದಲಿಸುವುದು ಅಳತೆಯ ಕೆಲಸ. ಅವೆರಡೂ ಜೋಡಿಯಾಗಿ ತಯಾರಾದವು, ಒಂದನ್ನಷ್ಟೇ ಬದಲಿಸುವಂತಿಲ್ಲ. ಬೇರಿಂಗ್ ಕ್ಯಾಪ್‌ಗಳಿಗೆ ಎಡ ಬಲದ ಗುರುತು ಹಾಕಿಯೇ ಬಿಚ್ಚಬೇಕು, ಪಿನಿಯನ್‌ನ ಕುಗ್ಗುವ ಬುಶ್ಶನ್ನು ಎರಡನೆಯ ಸಲ ಬಳಸಬಾರದು, ಬ್ಯಾಕ್‌ಲ್ಯಾಶನ್ನು (ಹಲ್ಲುಗಳ ನಡುವಿನ ಸಡಿಲವನ್ನು) ತಯಾರಕರ ಕೈಪಿಡಿಯಲ್ಲಿರುವ ಅಂಕಿಗೆ ಡಯಲ್ ಗೇಜಿನಿಂದ ಹೊಂದಿಸಬೇಕು. ಬಳಿಕ ಹಲ್ಲುಗಳಿಗೆ ಗುರುತಿನ ಬಣ್ಣ ಹಚ್ಚಿ ತಿರುಗಿಸಿ ನೋಡಿದಾಗ, ಕ್ರೌನ್ ವೀಲ್‌ನ ಎಳೆಯುವ ಬದಿಯ ಗುರುತು ಹಲ್ಲಿನ ತುದಿಯತ್ತ ಸರಿದಿದ್ದರೆ ಪಿನಿಯನ್ನನ್ನು ಕ್ರೌನ್ ವೀಲ್‌ನ ಕಡೆಗೆ, ಬುಡದತ್ತ ಇಳಿದಿದ್ದರೆ ಅದರಿಂದ ದೂರಕ್ಕೆ ಶಿಮ್‌ನಿಂದ (ತೆಳುವಾದ ಲೋಹದ ಬಿಲ್ಲೆ) ಸರಿಸಬೇಕು. ಡಯಲ್ ಗೇಜ್ ಇಲ್ಲದವರು ಈ ಹಂತವನ್ನು ಬಲ್ಲವರಿಗೆ ಒಪ್ಪಿಸುವುದು ವಿವೇಕ; ತಪ್ಪಿ ಕೂಡಿಸಿದ ಜೋಡಿ ಮೊದಲು ಊಳಿಡುತ್ತದೆ, ಆಮೇಲೆ ಹಲ್ಲು ಕಳೆದುಕೊಳ್ಳುತ್ತದೆ.

ಎಣ್ಣೆ ಜಿಎಲ್-5 ದರ್ಜೆಯ ಹೈಪಾಯ್ಡ್ ಎಣ್ಣೆಯಾಗಿರಲಿ. ಪ್ಲೇಟ್ ಮಾದರಿಗೆ ಘರ್ಷಣೆ ಹದಗೊಳಿಸುವ ಅಂಶ ಸೇರಿದ್ದು ಬೇಕು. ಹೊಸ ಗೇರುಗಳನ್ನು ಮೊದಲ ಕೆಲವು ಸಲ ಹಗುರವಾಗಿ ಓಡಿಸಿ, ತಣ್ಣಗಾಗಲು ಬಿಟ್ಟು, ಕೆಲವು ನೂರು ಕಿಲೋಮೀಟರಿನ ಬಳಿಕ ಎಣ್ಣೆ ಬದಲಿಸಬೇಕು. ಸ್ಪೀಡೋಮೀಟರ್ ಗೇರ್ ಬಾಕ್ಸಿನಿಂದ ಚಾಲನೆ ಪಡೆಯುವ ಕಾರಾದರೆ ಅದನ್ನೂ ಹೊಸ ಅನುಪಾತಕ್ಕೆ ಸರಿಹೊಂದಿಸುವವರೆಗೆ ರಸ್ತೆಗಿಳಿಸಬಾರದು: 3.92ರಿಂದ 3.62ಕ್ಕೆ ಬಂದ ಮೇಲೆ ನಿಜವಾದ ವೇಗ 100 ಇರುವಾಗ ಮುಳ್ಳು 92 ತೋರಿಸುತ್ತಿರುತ್ತದೆ.