ಇಳಿಯುವುದನ್ನು ಲೆಕ್ಕ ಹಾಕಿ ಬೆಟ್ಟ ಹತ್ತಿ

ಬೆಟ್ಟದ ದೇವರಿಗೆ ಹೋಗಿಬರುವ ದಿನ ಜನ ಸೋಲುವುದು ಹತ್ತುವಾಗ ಅಲ್ಲ, ದರ್ಶನ ಆದಮೇಲೆ. ಮೇಲೆ ಹೋಗುವ ತನಕ ಭಕ್ತಿಯೇ ಕೈಹಿಡಿದು ನಡೆಸುತ್ತದೆ. ಮಂಗಳಾರತಿ ಮುಗಿದು ತೀರ್ಥ ತಗೊಂಡು ಹೊರಗೆ ಬರುವಷ್ಟರಲ್ಲಿ ಹೊಟ್ಟೆ ಹಸಿದಿರುತ್ತದೆ, ಬಾಟಲಿ ಬರಿದಾಗಿರುತ್ತದೆ, ಕಲ್ಲು ಕಾದಿರುತ್ತದೆ, ಮಂಡಿ ನಡುಗಲು ಶುರುವಾಗಿರುತ್ತದೆ. ಅದಕ್ಕೇ ದಿನದ ಲೆಕ್ಕವನ್ನು ಕೊನೆಯಿಂದ ಹಾಕಬೇಕು. ಹತ್ತೂವರೆಯೊಳಗೆ ಕೊನೆಯ ಮೆಟ್ಟಿಲು ಇಳಿದು ನೆರಳಲ್ಲಿ ಕೂತಿರಬೇಕು ಅಂತ ಮೊದಲು ತೀರ್ಮಾನ ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೆ ನಿಂತು ಕೂತು ಹತ್ತುವವರಿಗೆ ಒಂದೂಕಾಲು ಗಂಟೆ, ಸಾಲಿನಲ್ಲಿ ನಿಲ್ಲಲು ಒಂದು ಗಂಟೆ, ತಿಂಡಿಗೆ ಅರ್ಧ ಗಂಟೆ, ಇಳಿಯಲು ಮುಕ್ಕಾಲು ಗಂಟೆ. ಅಂದರೆ ಬೆಳಗಿನ ಏಳಕ್ಕೆಲ್ಲ ಬೆಟ್ಟದ ಪಾದದಲ್ಲಿ ಇರಬೇಕು. ರಶ್ಶಿನ ದಿನ ಸಾಲು ಬೆಳೆದರೆ ಈ ಲೆಕ್ಕ ಕೆಡುತ್ತದೆ. ಹಾಗಾಗಿ ವಯಸ್ಸಾದವರು, ಮಕ್ಕಳು ಜೊತೆಯಲ್ಲಿದ್ದರೆ ಆಷಾಢ ಶುಕ್ರವಾರ, ನವರಾತ್ರಿಗಳನ್ನು ಬಿಟ್ಟು ಒಂದು ಸಾಧಾರಣ ಬುಧವಾರ ಹೋಗಿ. ತಾಯಿ ಅವತ್ತೂ ಅಲ್ಲೇ ಇರುತ್ತಾಳೆ.

ಬುತ್ತಿಯ ವಿಷಯಕ್ಕೆ ಬರೋಣ, ಹೆಚ್ಚು ತಪ್ಪಾಗುವುದು ಅಲ್ಲೇ. ಹಸಿ ತೆಂಗಿನಕಾಯಿ, ಈರುಳ್ಳಿ, ಸೌತೆಕಾಯಿ ಈ ಮೂರನ್ನೂ ಬೆಟ್ಟದ ಬುತ್ತಿಗೆ ಹಾಕಬೇಡಿ. ಕಾಯಿತುರಿ ಹಾಕಿದ ಚಿತ್ರಾನ್ನ ಮಧ್ಯಾಹ್ನದೊಳಗೆ ವಾಸನೆ ಬರುತ್ತದೆ, ಸೌತೆಕಾಯಿ ನೀರು ಬಿಟ್ಟು ಮೊಸರನ್ನ ಕೆಡಿಸುತ್ತದೆ. ಪುಳಿಯೋಗರೆ ಮಾಡಿ, ಅದಕ್ಕೆ ಒಣಕೊಬ್ಬರಿ ಹಾಕಿ. ಒಂದು ಪಾವು ಅಕ್ಕಿಗೆ ಎರಡೇ ಪಾವು ನೀರಿಟ್ಟು ಅನ್ನ ಉದುರಾಗಿ ಮಾಡಿ, ಅಗಲವಾದ ತಟ್ಟೆಗೆ ಹರಡಿ ಎರಡು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟು, ಪೂರ್ತಿ ಆರಿದ ಮೇಲೆಯೇ ಗೊಜ್ಜು ಕಲೆಸಿ. ಬಿಸಿಯಿರುವಾಗಲೇ ಡಬ್ಬಿ ಮುಚ್ಚಿದರೆ ಮುಚ್ಚಳದ ಒಳಗೆ ಹಬೆ ನೀರಾಗಿ ಮೇಲಿನ ಅನ್ನದ ಮೇಲೆ ತೊಟ್ಟಿಕ್ಕುತ್ತದೆ, ಹಳಸುವುದು ಅಲ್ಲಿಂದಲೇ. ಹುರಿದ ಕಡಲೆಕಾಯಿ ಬೀಜವನ್ನು ಬೇರೆ ಪೊಟ್ಟಣ ಕಟ್ಟಿಕೊಂಡು ಹೋಗಿ, ತಿನ್ನುವ ಹೊತ್ತಿಗೆ ಸೇರಿಸಿದರೆ ಗರಿಗರಿಯಾಗಿರುತ್ತದೆ.

ಮೊಸರನ್ನಕ್ಕೆ ಮೊಸರು ಕಮ್ಮಿ, ಹಾಲು ಜಾಸ್ತಿ. ಒಂದು ಪಾವು ಅಕ್ಕಿಯನ್ನು ನಾಲ್ಕು ಪಾವು ನೀರಲ್ಲಿ ಮೆತ್ತಗೆ ಬೇಯಿಸಿ, ಬಿಸಿಯಲ್ಲೇ ಸೌಟಿನ ಬೆನ್ನಿನಿಂದ ಮಸೆಯಿರಿ. ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಒಂದೂವರೆ ಪಾವು, ಹುಳಿಯಿಲ್ಲದ ಗಟ್ಟಿ ಮೊಸರು ಎರಡೇ ಚಮಚ, ಉಪ್ಪು ಹಾಕಿ ಕಲೆಸಿ. ಬೆಳಗಿನ ಜಾವ ಕಲೆಸಿದ್ದು ದಾರಿಯಲ್ಲೇ ಹೆಪ್ಪಾಗುತ್ತಾ ಬಂದು ಊಟದ ಹೊತ್ತಿಗೆ ಹದವಾಗಿರುತ್ತದೆ. ಪೂರ್ತಿ ಮೊಸರಲ್ಲೇ ಕಲೆಸಿದರೆ ಆ ಹೊತ್ತಿಗೆ ಬಾಯಿಗಿಡಲಾಗದಷ್ಟು ಹುಳಿ. ಡಬ್ಬಿಯಲ್ಲಿ ಎರಡು ಬೆರಳಷ್ಟು ಜಾಗ ಖಾಲಿ ಬಿಡಿ, ಇಲ್ಲದಿದ್ದರೆ ಉಕ್ಕಿ ಚೀಲವೆಲ್ಲ ಅಂಟಾಗುತ್ತದೆ. ಈ ಡಬ್ಬಿಯನ್ನು ಮೇಲಕ್ಕೆ ಹೊತ್ತೊಯ್ಯಬೇಡಿ, ಇಳಿದ ಮೇಲಿನ ಊಟಕ್ಕೆ ಗಾಡಿಯಲ್ಲಿ ನೆರಳಿನ ಕಡೆ ಇಟ್ಟಿರಿ. ಬೆಟ್ಟದ ಮೇಲೆ ತಿನ್ನಲು ಪುಳಿಯೋಗರೆ ಸಾಕು.

ನೀರು ತಲೆಗೆ ಒಂದು ಲೀಟರ್ ಹೆಗಲ ಮೇಲೆ, ಇನ್ನೊಂದು ಲೀಟರ್ ಕೆಳಗೆ. ಹೆಗಲ ಮೇಲಿನದರಲ್ಲಿ ಅರ್ಧವನ್ನಾದರೂ ಇಳಿಯಲು ಉಳಿಸಿಕೊಳ್ಳಿ. ಒಬ್ಬರ ಬಾಟಲಿಯಲ್ಲಿ ಪಾನಕ ಇರಲಿ. ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ಚಿಟಿಕೆ ಉಪ್ಪು, ಕುಟ್ಟಿದ ಏಲಕ್ಕಿ, ಕಾಳುಮೆಣಸು ಹಾಕಿ, ಬೆಲ್ಲದ ಕಸ ಬಟ್ಟೆಯಲ್ಲಿ ಸೋಸಿ. ದರ್ಶನದ ತನಕ ಉಪವಾಸ ಅನ್ನುವ ನೇಮ ಇದ್ದವರು ಇದನ್ನಾದರೂ ಕುಡಿಯಲಿ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತಗೊಳ್ಳುವವರು ಮಾತ್ರ ಬರಿ ಹೊಟ್ಟೆಯಲ್ಲಿ ಮೆಟ್ಟಿಲು ಹತ್ತಲೇಬಾರದು. ಅರ್ಧ ದಾರಿಯಲ್ಲಿ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬರುತ್ತದೆ. ಅಂಥವರ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಬೇಕು, ಜೊತೆಯವರಿಗೆ ಅದು ಯಾವ ಜೇಬು ಅಂತ ಗೊತ್ತಿರಬೇಕು.

ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುವ ಹರಕೆಯಿದ್ದರೆ ಹಿಂದಿನ ದಿನವೇ ಅಳತೆ ಮಾಡಿ. ಸಾವಿರ ಮೆಟ್ಟಿಲಿಗೆ ಚಿಟಿಕೆ ಚಿಟಿಕೆ ಹಾಕಿದರೂ ಕಾಲು ಕೆಜಿ ಅರಿಶಿನ, ಅಷ್ಟೇ ಕುಂಕುಮ ಬೇಕಾಗುತ್ತದೆ. ಪುಡಿಯನ್ನು ಅಂಗೈಯಲ್ಲಿ ಹಿಡಿದರೆ ನೂರು ಮೆಟ್ಟಿಲಲ್ಲಿ ಬೆವರಿಗೆ ಮುದ್ದೆಯಾಗುತ್ತದೆ. ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು, ಉಳಿದದ್ದನ್ನು ಮುಚ್ಚಳದ ಡಬ್ಬಿಯಲ್ಲಿಡಿ. ಅರಿಶಿನವನ್ನು ನೀರಲ್ಲಿ ಕಲೆಸಿ ಬಳಿಯುವವರೂ ಇದ್ದಾರೆ. ನೋಡಲು ಚೆಂದ, ಆದರೆ ನುಣುಪಾದ ಕಲ್ಲಿನ ಮೇಲೆ ಒದ್ದೆ ಅರಿಶಿನ ಹಿಂದೆ ಬರುವವರ ಕಾಲು ಜಾರಿಸುತ್ತದೆ. ಒಣ ಪುಡಿಯನ್ನೇ ಮೆಟ್ಟಿಲಿನ ಅಂಚಿಗೆ, ಗೋಡೆಯ ಕಡೆಗೆ ಹಚ್ಚಿ. ಒಬ್ಬರೇ ಎರಡನ್ನೂ ಹಚ್ಚಬೇಡಿ. ಒಬ್ಬರು ಅರಿಶಿನ, ಒಬ್ಬರು ಕುಂಕುಮ, ನೂರು ಮೆಟ್ಟಿಲಿಗೊಮ್ಮೆ ಮೂರನೆಯವರು ಬದಲಿ. ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಮೇಲಿನ ಮೆಟ್ಟಿಲಿಗೆ ಹಚ್ಚುತ್ತಾ ಹೋಗಿ. ನಿಂತಿರುವ ಮೆಟ್ಟಿಲಿಗೆ ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಹೀಗೆ ಹೋದರೆ ಎರಡೂವರೆ ಗಂಟೆಯಾದರೂ ಆಗುತ್ತದೆ, ಬೆಳಕು ಹರಿಯುವಾಗಲೇ ಶುರುಮಾಡಿ.

ಹತ್ತುವಾಗ ಮಾತಾಡುವಷ್ಟು ಉಸಿರು ಉಳಿದಿರಬೇಕು. ಅದೇ ಅಳತೆ. ಐವತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ, ಕೂರುವುದಾದರೆ ಐದು ನಿಮಿಷಕ್ಕೆ ಮೀರಬೇಡಿ, ಕಾಲು ಬಿಗಿದುಕೊಳ್ಳುತ್ತದೆ. ಚಾಮುಂಡಿ ಬೆಟ್ಟದಲ್ಲಿ ಏಳುನೂರು ಮೆಟ್ಟಿಲ ಹತ್ತಿರ ದೊಡ್ಡ ನಂದಿ ಇದೆ, ದೀರ್ಘ ವಿಶ್ರಾಂತಿಗೆ ಅದೇ ಸರಿಯಾದ ಜಾಗ. ಆನೆಗೊಂದಿ ಹತ್ತಿರದ ಅಂಜನಾದ್ರಿಗೆ 575 ಮೆಟ್ಟಿಲೇ ಆದರೂ ಅಲ್ಲಿನ ಬಂಡೆ, ಆ ಸೀಮೆಯ ಬಿಸಿಲು ಎರಡೂ ಬೇಗ ಸುಸ್ತು ಮಾಡುತ್ತವೆ, ಬೇಸಿಗೆಯಲ್ಲಿ ಇನ್ನೂ ಬೇಗ ಹೊರಡಿ. ಶಿವಗಂಗೆಯ ಮೇಲ್ಭಾಗದಲ್ಲಿ ಕಡಿದಾದ ಬಂಡೆ ಮೆಟ್ಟಿಲಿದೆ, ಗಾಳಿಯೂ ಜೋರು. ಅಲ್ಲಿ ಎರಡು ಕೈಯೂ ಖಾಲಿ ಇರಬೇಕು, ಸೀರೆಯ ಸೆರಗು ಸಿಕ್ಕಿಸಿರಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮೆಟ್ಟಿಲ ಚಿಂತೆಯಿಲ್ಲ. ಸ್ವಂತ ಗಾಡಿ ಕೆಳಗೇ ನಿಲ್ಲಿಸಿ ಬಸ್ಸಲ್ಲಿ ಹೋಗಬೇಕು, ಚಳಿಗೆ ಒಂದು ಶಾಲು ಬೇಕು.

ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಅಂದರೆ ತಿಂಡಿ. ಕಾಯಿ, ಬಾಳೆಹಣ್ಣು, ಹೂವನ್ನು ಬಾಯಿ ಬಿಗಿಯುವ ಬಟ್ಟೆ ಚೀಲದಲ್ಲಿಟ್ಟು ಅಡ್ಡಹೆಗಲಿಗೆ ಹಾಕಿ ಮುಂದಕ್ಕೆ ತಂದುಕೊಳ್ಳಿ. ಕನ್ನಡಕಕ್ಕೆ ದಾರ ಕಟ್ಟಿ. ಚೀಲಕ್ಕೆ ಕೈಹಾಕಿದರೆ ಎಳೆದಾಡದೆ ಬಿಟ್ಟುಬಿಡಿ. ಒಂದು ಚಿಪ್ಪು ಬಾಳೆಹಣ್ಣಿಗೆ ಕಚ್ಚಿಸಿಕೊಂಡು ರೇಬೀಸ್ ಚುಚ್ಚುಮದ್ದಿಗೆ ಓಡುವುದು ಬೇಡ.

ಇನ್ನು ಇಳಿಯುವುದು. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ಮಂಡಿಗೆ. ಪ್ರತಿ ಮೆಟ್ಟಿಲಿಗೂ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಮಂಡಿ ಸ್ವಲ್ಪ ಮಡಿಸಿಯೇ ಇರಲಿ, ಪೂರ್ತಿ ಪಾದ ಊರಿ, ಅಗಲ ಮೆಟ್ಟಿಲಲ್ಲಿ ಓರೆಯಾಗಿ ಇಳಿಯಿರಿ. ನೋವಿರುವ ಕಾಲನ್ನು ಮೊದಲು ಕೆಳಗಿಡಿ, ಒಳ್ಳೆಯ ಕಾಲು ಆಮೇಲೆ. ಹತ್ತುವಾಗ ಇದಕ್ಕೆ ತಿರುಗುಮುರುಗು. ಕಾಲುಚೀಲ ಹಾಕಿಕೊಂಡು ಇಳಿಯಬೇಡಿ, ಸವೆದ ಕಲ್ಲಿನ ಮೇಲೆ ಜಾರುತ್ತದೆ. ಮಂಡಿ ನೋವಿದ್ದವರು ಹರಕೆಯ ಪ್ರಕಾರ ಹತ್ತಲಿ, ಇಳಿಯಲು ಬಸ್ಸು ಹಿಡಿಯಲಿ, ಹರಕೆಗೆ ಅದರಿಂದ ಕುಂದಿಲ್ಲ. ಚಾಮುಂಡಿ ಬೆಟ್ಟದ ಮೇಲಿಂದ ಮೈಸೂರಿಗೆ ನಗರ ಸಾರಿಗೆ ಬಸ್ಸಿದೆ. ಆದರೆ ಬರಿಗಾಲಲ್ಲಿ ಹತ್ತುವವರು ಬೆಟ್ಟದ ಪಾದದಲ್ಲಿ ಚಪ್ಪಲಿ ಬಿಟ್ಟು ಹೋದರೆ ಬಸ್ಸು ಇಳಿಸುವುದು ಇನ್ನೆಲ್ಲೋ, ಚಪ್ಪಲಿ ಇರುವುದು ಇನ್ನೆಲ್ಲೋ. ಅದನ್ನು ಹಳೆ ಪೇಪರಿನಲ್ಲಿ ಸುತ್ತಿ, ಪೂಜೆ ಸಾಮಾನಿಗೆ ತಾಗದ ಹಾಗೆ ಬೇರೆ ಚೀಲದಲ್ಲಿ ಜೊತೆಗೇ ಒಯ್ಯಿರಿ.

ಮನೆಗೆ ಬಂದ ಮೇಲೆ ಬಕೆಟ್ಟಿನಲ್ಲಿ ಉಗುರುಬೆಚ್ಚನೆ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಕಾಲು ಗಂಟೆ ಪಾದ ಮುಳುಗಿಸಿ. ಸಕ್ಕರೆ ಕಾಯಿಲೆಯವರಿಗೆ ಇದು ಬೇಡ. ಅವರು ಪಾದ ತೊಳೆದು, ಒರೆಸಿ, ಬೆರಳ ಸಂದಿಯಲ್ಲಿ ಗಾಯವಿದೆಯಾ ಅಂತ ಬೆಳಕಲ್ಲಿ ನೋಡಿಕೊಳ್ಳಲಿ. ಬೊಬ್ಬೆ ಎದ್ದಿದ್ದರೆ ಸೂಜಿ ಹಾಕಬೇಡಿ. ಒಡೆದ ಕಾಯಿಯ ಹೋಳು ಚೀಲದಲ್ಲೇ ಉಳಿದರೆ ಬೆಳಗಾಗುವುದರೊಳಗೆ ಲೋಳೆಯಾಗುತ್ತದೆ, ಅವತ್ತೇ ತುರಿದು ಫ್ರಿಜ್ಜಿನಲ್ಲಿಡಿ. ತೊಡೆಯ ನೋವು ಎರಡನೇ ದಿನ ಜಾಸ್ತಿಯಾಗುತ್ತದೆ. ಗಾಬರಿ ಬೇಡ, ಮಲಗಿಬಿಡದೆ ಅಂಗಳದಲ್ಲಿ ಹತ್ತು ಹತ್ತು ನಿಮಿಷ ಓಡಾಡಿ, ಮೂರನೇ ದಿನಕ್ಕೆ ಸಡಿಲವಾಗುತ್ತದೆ.