ರಜೆಯ ಚಳಿಗೆ ಆಲ್ಬಮ್ ಆರಿಸೋದು ಹೇಗೆ?

ಡಿಸೆಂಬರ್ ಬಂತು ಅಂದ್ರೆ ಇನ್ನೂರು ಹಾಡಿನ ಪ್ಲೇಲಿಸ್ಟ್ ಹಾಕಿಬಿಡುತ್ತಾರೆ. ಅದು ಬೇಡ. ಮೂರೇ ಆಲ್ಬಮ್ ಆರಿಸಿ, ಪೂರ್ತಿ ಕೇಳಿ. ಮೊದಲು ಶಫಲ್ ಆಫ್ ಮಾಡಿ.

ಬೆಳಿಗ್ಗೆಗೆ ಮಾತು ಕಡಿಮೆ ಇರುವ ಸಂಗೀತ ಒಳ್ಳೆಯದು. ನಾನು ಹಾಕೋದು ವಿನ್ಸ್ ಗ್ವಾರಾಲ್ಡಿ ಟ್ರಿಯೋ ಅನ್ನೋ ಜಾಝ್ ತಂಡದ 1965ರ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’. ಪಿಯಾನೊ, ಬಾಸ್, ಡ್ರಮ್ಸ್, ಅಲ್ಲಲ್ಲಿ ಮಕ್ಕಳ ಕೋರಸ್. ಹೆಡ್‌ಫೋನಿನಲ್ಲಿ ಕೇಳಿದರೆ ಡ್ರಮ್ ಮೇಲೆ ಬ್ರಷ್ ಸವರುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಕಸ ಗುಡಿಸಿದ ಹಾಗೆ ಬರುತ್ತದೆ. ವಾಲ್ಯೂಮ್ ಜಾಸ್ತಿ ಮಾಡಬೇಡಿ. ಮಕ್ಕಳ ದನಿ ಅಷ್ಟೇನೂ ನಯವಾಗಿಲ್ಲ. ನನಗೆ ಇಷ್ಟ ಆಗೋದೇ ಅದು.

ಮನೆ ತುಂಬಾ ಜನ ಸೇರಿದಾಗ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಅವರ 1960ರ ಕ್ರಿಸ್‌ಮಸ್ ಆಲ್ಬಮ್. ಹಿಂದೆ ಬ್ಯಾಂಡ್ ಇದೆ, ತಾಳ ಚುರುಕಾಗಿದೆ. ಹರಟೆಗೂ ಅಡ್ಡಿಯಿಲ್ಲ.

ರಾತ್ರಿಗೆ ಜರ್ಮನ್ ಸಂಗೀತ ರಚನೆಕಾರ ಬಾಖ್‌ನ ‘ಕ್ರಿಸ್‌ಮಸ್ ಒರಟೋರಿಯೋ’, ಅಂದ್ರೆ ಗಾಯಕರು, ವಾದ್ಯಗಳು ಸೇರಿ ಹಾಡಿನಲ್ಲೇ ಹೇಳುವ ಕ್ರಿಸ್‌ಮಸ್ ಕಥೆ. ಇಲ್ಲಿ ಸ್ವಲ್ಪ ಹುಷಾರು. ಮೊದಲ ಸಲ ನಾನು ಒಂದೇ ಸಮನೆ ಕೂತು ಮುಗಿಸಲು ಹೋದೆ, ಮೂರನೇ ಭಾಗಕ್ಕೇ ಗೊರಕೆ! ಆಮೇಲೆ ಗೊತ್ತಾಯಿತು, 1734ರ ಕ್ರಿಸ್‌ಮಸ್‌ನಿಂದ 1735ರ ಜನವರಿ 6ರವರೆಗಿನ ಆರು ಹಬ್ಬದ ದಿನಗಳಿಗೆ ಅಂತಲೇ ಅವನು ಆರು ಭಾಗ ಮಾಡಿದ್ದ. ಒಂದೊಂದು ಭಾಗ ಸುಮಾರು ಅರ್ಧ ಗಂಟೆ. ದಿನಕ್ಕೊಂದೇ ಕೇಳಿ. ಮೊದಲ ಭಾಗ ತಮಟೆಯಂಥ ಟಿಂಪನಿ ಹೊಡೆತದಿಂದ ಶುರುವಾಗುತ್ತದೆ. ಮಲಗಿದವರಿದ್ದರೆ ಬಾಗಿಲು ಹಾಕಿಕೊಳ್ಳಿ.